ಪರೀಕ್ಷೆಯ ತಿಂಗಳಲ್ಲೂ ನಿಲ್ಲದ ಜಾಲತಾಣ: ಹೊರದೇಶದಲ್ಲಿ ಓದುವ ನಾರ್ವೆ ವಿದ್ಯಾರ್ಥಿಗೊಂದು ಮಾರ್ಗದರ್ಶಿ

ನಾರ್ವೆಯಿಂದ ಹೊರದೇಶಕ್ಕೆ ಓದಲು ಹೋಗುವುದು ಹಳೆಯ ರೂಢಿ. ವೈದ್ಯಕೀಯಕ್ಕೆ ಪೋಲೆಂಡಿನ ಕ್ರಾಕೋವ್, ಹಂಗೇರಿಯ ಬುಡಾಪೆಸ್ಟ್. ಬೇರೆ ವಿಷಯಗಳಿಗೆ ಡೆನ್ಮಾರ್ಕ್, ಬ್ರಿಟನ್, ಆಸ್ಟ್ರೇಲಿಯಾ. ಹೀಗೆ ಹೋದವರಿಗಾಗಿಯೇ ಅನ್ಸಾ ಎಂಬ ವಿದ್ಯಾರ್ಥಿ ಸಂಘ 1956ರಿಂದ ನಡೆಯುತ್ತಿದೆ. ಓದಿಗೆ ಸಾಲ, ಅನುದಾನ ಕೊಡುವ ಸರ್ಕಾರಿ ಸಂಸ್ಥೆ ಲೋನೆಕಾಸೆನ್ 1947ರಷ್ಟು ಹಿಂದಿನದು. ಮನೆಯವರಿಗೆ, ಗೆಳೆಯರಿಗೆ, ಮುಂದಿನ ವರ್ಷ ಅದೇ ಊರಿಗೆ ಬರಲಿರುವವರಿಗೆ ಸುದ್ದಿ ತಿಳಿಸಲು ಇವರಲ್ಲಿ ಕೆಲವರು ಸ್ವಂತ ಜಾಲತಾಣ ಇಟ್ಟುಕೊಳ್ಳುತ್ತಾರೆ. ಸೆಪ್ಟೆಂಬರಿನಲ್ಲಿ ಮೂರು ಬರಹ, ಅಕ್ಟೋಬರಿನಲ್ಲಿ ಒಂದು, ಆಮೇಲೆ ಸದ್ದಿಲ್ಲ ಎನ್ನುವುದು ಇಂಥ ಸೈಟುಗಳ ಸಾಮಾನ್ಯ ಕಥೆ. ಬಿಡುವಿದ್ದ ಆಗಸ್ಟಿನಲ್ಲಿ ಕುಳಿತು ಕಟ್ಟಿದ್ದನ್ನು ಪರೀಕ್ಷೆಯ ಡಿಸೆಂಬರಿನಲ್ಲಿ ನಡೆಸಬೇಕಾಗುತ್ತದೆ. ತೊಡಕು ಇರುವುದೇ ಅಲ್ಲಿ. ಆದ್ದರಿಂದ ಕೆಳಗಿನ ಪ್ರತಿ ಹೆಜ್ಜೆಗೂ ಒಂದೇ ಅಳತೆಗೋಲು: ಅತ್ಯಂತ ಕೆಟ್ಟ ವಾರದಲ್ಲೂ ಇಪ್ಪತ್ತು ನಿಮಿಷದೊಳಗೆ ಒಂದು ಬರಹ ಹೊರಬೀಳಬೇಕು.

ಕರ್ನಾಟಕದಿಂದ ಹೊರಗೆ ಓದಲು ಹೋಗುವವರಿಗೂ ಇದರ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ. ವ್ಯತ್ಯಾಸ ಇರುವ ಕಡೆ ಹೇಳುತ್ತೇವೆ.

ಊರು ಬಿಡುವ ಮುಂಚೆ: ಹೆಸರು ಮತ್ತು ಬೀಗದಕೈ

ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ವಿಮಾನ ಹತ್ತುವ ಮೊದಲೇ ಕೊಳ್ಳಿ. ನಾರ್ವೆಯ ಡಾಟ್ ಎನ್‌ಒ ಹೆಸರುಗಳನ್ನು ನೋಡಿಕೊಳ್ಳುವುದು ಟ್ರೊಂಡ್‌ಹೈಮ್‌ನಲ್ಲಿರುವ ನೋರಿಡ್ ಸಂಸ್ಥೆ. ಖಾಸಗಿ ವ್ಯಕ್ತಿಗಳು ನೇರವಾಗಿ ಡಾಟ್ ಎನ್‌ಒ ಅಡಿಯಲ್ಲಿ ಹೆಸರು ಪಡೆಯಲು ಸಾಧ್ಯವಾದದ್ದು 2014ರಲ್ಲಿ. ಅದಕ್ಕೂ ಮೊದಲು ವ್ಯಕ್ತಿಗಳಿಗೆಂದೇ ಇದ್ದ ಉಪವಿಭಾಗವೊಂದರಲ್ಲಿ ಮಾತ್ರ ಸಿಗುತ್ತಿತ್ತು. ಅರ್ಜಿ ಹಾಕುವವರಿಗೆ 18 ತುಂಬಿರಬೇಕು, ನಾರ್ವೆಯ 11 ಅಂಕಿಗಳ ಜನ್ಮ ಸಂಖ್ಯೆ (ಸರ್ಕಾರಿ ಗುರುತಿನ ಸಂಖ್ಯೆ) ಇರಬೇಕು, ನಾರ್ವೆಯಲ್ಲಿ ಅಂಚೆ ವಿಳಾಸ ಇರಬೇಕು. ಒಬ್ಬರಿಗೆ ಐದು ಹೆಸರುಗಳ ಮಿತಿ. ಜನ್ಮ ಸಂಖ್ಯೆಯನ್ನು ಡೊಮೇನ್ ಮಾರುವ ಕಂಪನಿಗೆ ಕೊಡಬೇಕಿಲ್ಲ. ನೋರಿಡ್‌ನಿಂದ ಪಿಐಡಿ ಎಂಬ ಬದಲಿ ಗುರುತು ಪಡೆದು ಅದನ್ನೇ ಕೊಡಿ.

ವಿಳಾಸದ ಜಾಗದಲ್ಲಿ ತಂದೆತಾಯಿಯ ಮನೆಯದನ್ನು ಹಾಕುವುದು ವಾಸಿ. ಬಿಟ್ಟುಹೋಗುವ ಬಾಡಿಗೆ ಕೋಣೆಯದನ್ನು ಹಾಕಿದರೆ ಮುಂದಿನ ವರ್ಷ ಅದು ಸುಳ್ಳು ವಿಳಾಸವಾಗುತ್ತದೆ. ಸಂಪರ್ಕದ ಇಮೇಲ್ ಅಂತೂ ಯಾವ ಕಾರಣಕ್ಕೂ ವಿಶ್ವವಿದ್ಯಾಲಯದ್ದು ಆಗಬಾರದು: ಓದು ಮುಗಿದ ಮೇಲೆ ಆ ಖಾತೆ ಮುಚ್ಚುತ್ತದೆ, ನವೀಕರಣದ ನೆನಪೋಲೆ ಮುಚ್ಚಿದ ಪೆಟ್ಟಿಗೆಗೆ ಹೋಗುತ್ತದೆ, ಹೆಸರು ಕೈಜಾರುತ್ತದೆ. ವಿಶ್ವವಿದ್ಯಾಲಯದ ಸರ್ವರಿನಲ್ಲಿ ಸಿಗುವ ಉಚಿತ ಪುಟದ ಗತಿಯೂ ಅದೇ. ಓಸ್ಲೋ, ಟ್ರೊಂಡ್‌ಹೈಮ್ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗೆ ಇಂಥ ಪುಟಗಳನ್ನು ಕೊಟ್ಟಿವೆ. ಅಭ್ಯಾಸಕ್ಕೆ ಚೆನ್ನ, ವಿಳಾಸವಾಗಿ ನೆಚ್ಚಿಕೊಳ್ಳಲು ಆಗದು.

ಹೆಸರಿನಲ್ಲಿ ನಾರ್ವೇಜಿಯನ್ ವರ್ಣಮಾಲೆಯ 29 ಅಕ್ಷರಗಳ ಪೈಕಿ ಕೊನೆಯ ಮೂರರಲ್ಲಿ ಯಾವುದಾದರೂ ಬಂದರೆ? 2004ರಿಂದ ಅಂಥ ಹೆಸರುಗಳನ್ನೂ ನೋಂದಾಯಿಸಬಹುದು. ಒಳಗೆ ಅದು ಎಕ್ಸ್‌ಎನ್ ಎಂದು ಶುರುವಾಗುವ ಗೀಚುಬರಹದಂಥ ರೂಪಕ್ಕೆ ತಿರುಗುತ್ತದೆ. ಬ್ರೌಸರಿನಲ್ಲಿ ತೊಂದರೆಯಿಲ್ಲ, ಆದರೆ ಆ ಹೆಸರಿನ ಇಮೇಲ್ ವಿಳಾಸವನ್ನು ಪರದೇಶದ ಬ್ಯಾಂಕು, ಹಾಸ್ಟೆಲುಗಳ ಫಾರಂಗಳು ಒಪ್ಪದಿರುವುದೇ ಹೆಚ್ಚು. ಹೀಗಾಗಿ ಸರಳ ಇಂಗ್ಲಿಷ್ ಅಕ್ಷರಗಳ ಹೆಸರನ್ನು ಮುಖ್ಯವಾಗಿಟ್ಟು, ಇನ್ನೊಂದನ್ನು ಅದಕ್ಕೆ ತಿರುಗಿಸಿ. ಕನ್ನಡದಲ್ಲಿ ಡಾಟ್ ಭಾರತ ಹೆಸರು ಕೊಳ್ಳುವವರಿಗೂ ಇದೇ ಮಾತು.

ಇನ್ನು ಬೀಗದಕೈ. ಡೊಮೇನ್ ಖಾತೆ, ಸೈಟ್ ಇರುವ ಖಾತೆ, ಇಮೇಲ್ ಈ ಮೂರರಲ್ಲೂ ಎರಡನೇ ಹಂತದ ಪರಿಶೀಲನೆಯನ್ನು ಎಸ್‌ಎಂಎಸ್‌ನಿಂದ ತೆಗೆದು, ಸಂಕೇತ ತೋರಿಸುವ ಆ್ಯಪ್‌ಗೆ ಬದಲಿಸಿ. ಕಾರಣ ಇದು: ಯುರೋಪಿಯನ್ ಆರ್ಥಿಕ ವಲಯದೊಳಗೆ 15 ಜೂನ್ 2017ರಿಂದ ರೋಮಿಂಗ್ ಮನೆಯ ದರದಲ್ಲೇ ನಡೆಯುತ್ತದೆ, ನಾರ್ವೆ ಸಿಮ್ ಕ್ರಾಕೋವ್‌ನಲ್ಲಿ ಕೆಲಸ ಮಾಡುತ್ತದೆ ನಿಜ. ಆದರೆ ನಾಲ್ಕು ತಿಂಗಳ ಅವಧಿಯಲ್ಲಿ ಮನೆಗಿಂತ ಹೊರಗೇ ಹೆಚ್ಚು ಬಳಸಿದ್ದು ಕಂಡರೆ ಕಂಪನಿ ಹೆಚ್ಚುವರಿ ಶುಲ್ಕ ಹಾಕಬಹುದು. ಆಗ ಹೆಚ್ಚಿನವರು ಸ್ಥಳೀಯ ಸಿಮ್‌ಗೆ ಹೋಗುತ್ತಾರೆ, ಹಳೆಯದನ್ನು ಡ್ರಾಯರಿಗೆ ಹಾಕುತ್ತಾರೆ, ಡಿಸೆಂಬರಿನಲ್ಲಿ ಲಾಗಿನ್ ಸಂಕೇತ ಆ ಡ್ರಾಯರಿಗೇ ಬರುತ್ತದೆ. ಭಾರತದ ಸಿಮ್‌ಗೆ ಒಟಿಪಿ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೀಸಲು ಸಂಕೇತಗಳನ್ನು ಕಾಗದದ ಮೇಲೆ ಮುದ್ರಿಸಿ, ಒಂದು ಪ್ರತಿ ಮನೆಯಲ್ಲಿ, ಒಂದು ನಿಮ್ಮ ಬಳಿ ಇರಲಿ.

ಸೈಟ್ ಎಲ್ಲಿರಬೇಕು

ವರ್ಡ್‌ಪ್ರೆಸ್ ಬೇಡ ಎನ್ನುವುದು ನಮ್ಮ ಸಲಹೆ. ಅದು ಕೆಟ್ಟದ್ದೇನಲ್ಲ, ಆದರೆ ಅದರ ಪ್ಲಗಿನ್‌ಗಳಿಗೆ ಆಗಾಗ ನವೀಕರಣ ಬೇಕು, ಮೂರು ತಿಂಗಳು ಮುಟ್ಟದೆ ಬಿಟ್ಟರೆ ಭದ್ರತೆಗೆ ತೂತು ಬೀಳುವುದು ಅಲ್ಲೇ. ಸಿದ್ಧ ಎಚ್‌ಟಿಎಂಎಲ್ ಪುಟಗಳ ಸ್ಥಿರ ಸೈಟನ್ನು ಎರಡು ವರ್ಷ ಮರೆತರೂ ಅದು ಹಾಗೇ ಇರುತ್ತದೆ. ಬರಹದಿಂದ ಇಂಥ ಪುಟ ಕಟ್ಟಿಕೊಡುವ ತಂತ್ರಾಂಶಗಳಾದ ಹ್ಯೂಗೋ, ಜೆಕಿಲ್, ಇಲೆವೆಂಟಿ ಇವುಗಳಲ್ಲಿ ಒಂದನ್ನು ಆರಿಸಿ, ಅದರಲ್ಲಿ ಬರುವ ಅತಿ ಸರಳ ವಿನ್ಯಾಸ ಹಾಕಿ ಮುಂದೆ ಸಾಗಿ. ವಿನ್ಯಾಸ ತಿದ್ದುತ್ತ ಕೂರುವುದು ಬರೆಯದೇ ಇರಲು ಸಿಗುವ ಅತ್ಯುತ್ತಮ ನೆಪ.

ಸೈಟ್ ಇಡುವ ಜಾಗಕ್ಕೆ ಗಿಟ್‌ಹಬ್ ಪೇಜಸ್ ಎಂಬ ಸೇವೆ ಸಾಕು. ಪ್ರಕಟಿತ ಸೈಟಿಗೆ 1 ಜಿಬಿ ಮಿತಿ, ತಿಂಗಳಿಗೆ ಸುಮಾರು 100 ಜಿಬಿ ಸಂಚಾರ. ಒಂದು ಎಚ್ಚರಿಕೆ: ಉಚಿತ ಯೋಜನೆಯಲ್ಲಿ ರೆಪಾಸಿಟರಿ, ಅಂದರೆ ಸೈಟಿನ ಕಡತಗಳ ಭಂಡಾರ, ಸಾರ್ವಜನಿಕವಾಗಿಯೇ ಇರಬೇಕು. 'ಕರಡು' ಎಂದು ಗುರುತಿಸಿದ ಬರಹ ಸೈಟಿನಲ್ಲಿ ಕಾಣದಿದ್ದರೂ ರೆಪಾಸಿಟರಿಯಲ್ಲಿ ಯಾರು ಬೇಕಾದರೂ ಓದಬಹುದು. ಅಳಿಸಿದ ಫೋಟೊ ಕೂಡ, ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ತಂತ್ರಾಂಶದ ಇತಿಹಾಸದಲ್ಲಿ ಉಳಿದಿರುತ್ತದೆ. ಕೋಣೆಯ ಜೊತೆಗಾರರ ಬಗ್ಗೆ ಸಿಟ್ಟಿನಲ್ಲಿ ಬರೆದ ಕರಡು ಅಲ್ಲಿಗೆ ಹೋಗದಿರಲಿ.

ಡೊಮೇನ್ ಜೋಡಿಸುವಾಗ ಡಿಎನ್‌ಎಸ್‌ನಲ್ಲಿ (ಹೆಸರನ್ನು ಸರ್ವರಿನ ಅಂಕಿ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ) ಬರಿಯ ಹೆಸರಿಗೆ ಆ ಅಂಕಿ ವಿಳಾಸ ಹೇಳುವ ನಾಲ್ಕು ಎ-ದಾಖಲೆಗಳು ಬೇಕು: 185.199.108.153ರಿಂದ ಹಿಡಿದು 109, 110, 111 ಎಂದು ಮೂರನೆಯ ಭಾಗ ಬದಲಾಗುತ್ತಾ 185.199.111.153ರವರೆಗೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರಿಗೆ ಇನ್ನೊಂದು ಹೆಸರಿನತ್ತ ತೋರಿಸುವ ಸಿನೇಮ್ ದಾಖಲೆ, ಅದು ನಿಮ್ಮ ಗಿಟ್‌ಹಬ್ ವಿಳಾಸದ ಕಡೆಗೆ. ಬದಲಾವಣೆ ಎಲ್ಲೆಡೆ ಹರಡಲು ಒಂದು ದಿನದವರೆಗೂ ಹಿಡಿಯಬಹುದು. ಅಷ್ಟರಲ್ಲಿ ಮತ್ತೆ ಮತ್ತೆ ಬದಲಿಸಿದರೆ ಗೊಂದಲ ಹೆಚ್ಚುತ್ತದೆ, ಅಷ್ಟೆ. ಸುರಕ್ಷತಾ ಪ್ರಮಾಣಪತ್ರ ಬರಲೇ ಇಲ್ಲವೆಂದರೆ ಮೊದಲು ನೋಡಬೇಕಾದ್ದು ಅದನ್ನು ಯಾರು ಕೊಡಬಹುದೆಂದು ಹೇಳುವ ಸಿಎಎ ದಾಖಲೆ: ಅದು ಇದ್ದು, ಅದರಲ್ಲಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಹೆಸರು ಇಲ್ಲದಿದ್ದರೆ ಪ್ರಮಾಣಪತ್ರ ಸಿಗುವುದಿಲ್ಲ.

ಡಾಟ್ ಎನ್‌ಒ ಹೆಸರುಗಳಲ್ಲಿ ಡಿಎನ್‌ಎಸ್‌ಸೆಕ್ ಬಳಕೆ ಬಹಳ; ಡಿಎನ್‌ಎಸ್ ಕೊಡುವ ಉತ್ತರ ನಕಲಿಯಲ್ಲವೆಂದು ಸಹಿಯಿಂದ ತೋರಿಸುವ ಏರ್ಪಾಡು ಅದು. ಇದು ಒಳ್ಳೆಯದೇ, ಆದರೆ ನೇಮ್‌ಸರ್ವರ್ (ಡಿಎನ್‌ಎಸ್ ದಾಖಲೆಗಳಿರುವ ಸರ್ವರ್) ಬದಲಿಸುವ ದಿನ ಇದೇ ಕಾಲಿಗೆ ತೊಡರುತ್ತದೆ. ಹಳೆಯ ಸಹಿ ನೋಂದಣಿಯಲ್ಲಿ ಉಳಿದು, ಹೊಸ ಸರ್ವರ್ ಬೇರೆ ಸಹಿ ಕೊಟ್ಟರೆ, ಪರಿಶೀಲನೆ ಮಾಡುವ ಜಾಲಗಳಲ್ಲಿ ಸೈಟ್ ತೆರೆಯುವುದೇ ಇಲ್ಲ. ನಿಮಗೆ ಕಾಣುತ್ತದೆ, ಬರ್ಗೆನ್‌ನಲ್ಲಿರುವ ಅಜ್ಜಿಗೆ ಕಾಣುವುದಿಲ್ಲ ಎಂಬಂಥ ವಿಚಿತ್ರಗಳು ಹುಟ್ಟುವುದು ಹೀಗೆ. ಮೊದಲು ಡಿಎನ್‌ಎಸ್‌ಸೆಕ್ ನಿಲ್ಲಿಸಿ, ಒಂದು ದಿನ ಕಾಯಿರಿ, ಆಮೇಲೆ ಸರ್ವರ್ ಬದಲಿಸಿ, ಎಲ್ಲ ಸರಿಯೆಂದು ಕಂಡ ಮೇಲೆ ಮತ್ತೆ ಹಚ್ಚಿ.

ಬರಹದ ಅಚ್ಚು

ಖಾಲಿ ಪುಟ ಪರೀಕ್ಷೆಯ ವಾರದಲ್ಲಿ ಯಾರನ್ನಾದರೂ ಸೋಲಿಸುತ್ತದೆ. ಹಾಗಾಗಿ ಒಂದು ಅಚ್ಚು ಮಾಡಿಟ್ಟುಕೊಳ್ಳಿ: ಈಗ ಎಲ್ಲಿದ್ದೇನೆ, ಯಾವ ವಿಷಯ ನಡೆಯುತ್ತಿದೆ, ಈ ತಿಂಗಳು ಆದದ್ದು ಒಂದೆರಡು, ಮುಂದೆ ಬರುವವರಿಗೆ ಉಪಯೋಗವಾಗುವ ಒಂದು ಸಂಗತಿ, ನಾಲ್ಕರಿಂದ ಆರು ಫೋಟೊ. 300 ಪದ ಬಂದರೆ ಧಾರಾಳ. ತಿಂಗಳಿಡೀ ಫೋನಿನ ಟಿಪ್ಪಣಿಯಲ್ಲಿ ಒಂದೊಂದು ಸಾಲು ಗೀಚುತ್ತಾ ಹೋಗಿ, ತಿಂಗಳ ಮೊದಲ ಭಾನುವಾರ ಅವನ್ನೇ ಅಚ್ಚಿಗೆ ಸುರಿಯಿರಿ. ವಾರಕ್ಕೊಮ್ಮೆ ಎಂದು ಘೋಷಿಸಿದವರು ಹೆಚ್ಚಾಗಿ ನವೆಂಬರ್ ದಾಟುವುದಿಲ್ಲ.

'ಉಪಯೋಗವಾಗುವ ಸಂಗತಿ'ಯೇ ಹೊರಗಿನ ಓದುಗರನ್ನು ತರುವುದು. ಹಾಸ್ಟೆಲಿನ ಠೇವಣಿ ಎಷ್ಟು, ಯಾವ ಕಚೇರಿಗೆ ಯಾವ ಕಾಗದ, ಲೋನೆಕಾಸೆನ್ ಅರ್ಜಿ ಹೇಗೆ. ಅರ್ಜಿಯ ಗಡುವು ಶರತ್ಕಾಲದ ಸೆಮಿಸ್ಟರಿಗೆ 15 ನವೆಂಬರ್, ವಸಂತದ್ದಕ್ಕೆ 15 ಮಾರ್ಚ್. ಮೊತ್ತಗಳು ಮಾತ್ರ ವರ್ಷ ವರ್ಷ ಬದಲಾಗುತ್ತವೆ. ಆದ್ದರಿಂದ ಇಂಥ ಪುಟದ ನೆತ್ತಿಯ ಮೇಲೆಯೇ 'ಕೊನೆಯ ಬಾರಿ ಪರಿಶೀಲಿಸಿದ್ದು' ಎಂದು ದಿನಾಂಕ ಹಾಕಿ, ಅಂಕಿಗಳನ್ನು ನಕಲು ಮಾಡುವ ಬದಲು ಅಧಿಕೃತ ಪುಟಕ್ಕೆ ಕೊಂಡಿ ಕೊಡಿ. ತಿಂಗಳ ಸುದ್ದಿ ಹಳತಾದರೆ ನೆನಪಾಗುತ್ತದೆ; ಮಾಹಿತಿ ಪುಟ ಹಳತಾದರೆ ಯಾರೋ ಗಡುವು ತಪ್ಪಿಸಿಕೊಳ್ಳುತ್ತಾರೆ. ಎರಡನ್ನೂ ಬೇರೆ ಬೇರೆ ವಿಭಾಗದಲ್ಲಿಡಿ.

ಗಡಿಯಾರದ ಕಾಟ

ಬ್ರಿಸ್ಬೇನ್‌ನಲ್ಲಿ ಕುಳಿತ ವಿದ್ಯಾರ್ಥಿ ಬೆಳಗ್ಗೆ 9ಕ್ಕೆ ಬರಹ ಕಳಿಸುತ್ತಾಳೆ. ಬಿಲ್ಡ್, ಅಂದರೆ ಪುಟಗಳನ್ನು ಕಟ್ಟುವ ಕೆಲಸ, ಹಸಿರು ತೋರಿಸುತ್ತದೆ, ದೋಷ ಏನೂ ಇಲ್ಲ, ಆದರೆ ಬರಹ ಸೈಟಿನಲ್ಲಿಲ್ಲ. ಹೊರದೇಶದಲ್ಲಿರುವವರನ್ನೇ ಹುಡುಕಿಕೊಂಡು ಬರುವ ತೊಂದರೆ ಇದು. ಸಮಯ ವಲಯ ಬರೆಯದ ದಿನಾಂಕವನ್ನು ಹ್ಯೂಗೋ ಯುಟಿಸಿ (ಎಲ್ಲ ಸಮಯ ವಲಯಗಳನ್ನು ಅಳೆಯುವ ಮೂಲ ಸಮಯ) ಎಂದು ಓದುತ್ತದೆ. ಬ್ರಿಸ್ಬೇನ್ ವರ್ಷವಿಡೀ ಯುಟಿಸಿಗಿಂತ 10 ಗಂಟೆ ಮುಂದೆ. ಹಾಗಾಗಿ ಆ '9 ಗಂಟೆ' ಹ್ಯೂಗೋ ಲೆಕ್ಕದಲ್ಲಿ ಅಲ್ಲಿಯ ಸಂಜೆ 7; ಬರಹ ಇನ್ನೂ 'ಭವಿಷ್ಯದ್ದು', ಅದನ್ನು ಬಿಟ್ಟು ಉಳಿದದ್ದನ್ನು ಕಟ್ಟುತ್ತದೆ. ಸಂಜೆ 7 ಆದ ಮೇಲೂ ತಾನಾಗಿ ಕಾಣಿಸಿಕೊಳ್ಳುವುದಿಲ್ಲ, ಏಕೆಂದರೆ ಸ್ಥಿರ ಸೈಟ್ ಯಾರಾದರೂ ಮತ್ತೆ ಬಿಲ್ಡ್ ಮಾಡುವವರೆಗೆ ಬದಲಾಗದು. ಬೆಂಗಳೂರಿನಿಂದ ಬರೆದರೆ ಇದೇ ಕಾಟ ಐದೂವರೆ ಗಂಟೆಯದು. ನಾರ್ವೆಯಲ್ಲಿದ್ದಾಗ ಚಳಿಗಾಲದಲ್ಲಿ ಒಂದು, ಬೇಸಿಗೆಯಲ್ಲಿ ಎರಡು ಗಂಟೆ ಮಾತ್ರ ವ್ಯತ್ಯಾಸವಾದ್ದರಿಂದ ಅಲ್ಲಿ ಯಾರ ಗಮನಕ್ಕೂ ಬಂದಿರುವುದಿಲ್ಲ.

ಪರಿಹಾರ ಎರಡು. ಸೈಟಿನ ಸೆಟ್ಟಿಂಗ್‌ನಲ್ಲಿ ಸಮಯ ವಲಯ ಹೇಳಬಹುದು, ಆದರೆ ಮುಂದಿನ ಸೆಮಿಸ್ಟರಿಗೆ ಬೇರೆ ದೇಶಕ್ಕೆ ಹೋಗಿ ಅದನ್ನು ಬದಲಿಸಿದರೆ ಹಳೆಯ ಬರಹಗಳ ದಿನಾಂಕವೂ ಸರಿಯುತ್ತದೆ. ಪ್ರತಿ ಬರಹದ ದಿನಾಂಕದ ಕೊನೆಗೆ +10:00, +01:00, +05:30 ಎಂದು ಬರೆಯುವುದೇ ಗಟ್ಟಿ ದಾರಿ. ಪುಟದ ವಿಳಾಸದಲ್ಲಿ ದಿನಾಂಕ ಬೇಡ, ವರ್ಷ ಇದ್ದರೆ ಸಾಕು.

ಫೋಟೊ

ಫೋನಿನ 12 ಮೆಗಾಪಿಕ್ಸೆಲ್ ಚಿತ್ರ 3ರಿಂದ 5 ಎಂಬಿ ತೂಗುತ್ತದೆ. ತಿಂಗಳಿಗೆ ಆರರಂತೆ 11 ತಿಂಗಳಿಗೆ 66 ಚಿತ್ರ. ಒಂದಕ್ಕೆ 4 ಎಂಬಿ ಹಿಡಿದರೆ ವರ್ಷಕ್ಕೆ 264 ಎಂಬಿ, ನಾಲ್ಕು ವರ್ಷಕ್ಕೆ 1 ಜಿಬಿ ಮಿತಿ ದಾಟುತ್ತದೆ. ವೈದ್ಯಕೀಯ ಆರು ವರ್ಷದ ಓದು. ಉದ್ದದ ಬದಿಯನ್ನು 1600 ಪಿಕ್ಸೆಲ್‌ಗೆ ಇಳಿಸಿ, ಜೆಪಿಇಜಿ ಗುಣಮಟ್ಟ 75–80 ಇಟ್ಟರೆ ಒಂದು ಚಿತ್ರ ಹೆಚ್ಚುಕಡಿಮೆ 250 ಕೆಬಿ ಆಗುತ್ತದೆ, ವರ್ಷಕ್ಕೆ 17 ಎಂಬಿ ಆಸುಪಾಸು.

ಕೆಲಸದ ಕ್ರಮ ಮುಖ್ಯ. ಮೊದಲು ಎಚ್‌ಇಐಸಿಯಿಂದ ಜೆಪಿಇಜಿಗೆ ಬದಲಿಸಿ. ಐಫೋನಿನ ಆ ರೂಪ ಸಫಾರಿ ಬಿಟ್ಟರೆ ಹೆಚ್ಚಿನ ಬ್ರೌಸರುಗಳಲ್ಲಿ ತೆರೆಯುವುದಿಲ್ಲ. ಎರಡನೆಯದು, ಚಿತ್ರವನ್ನು ನಿಜವಾಗಿ ತಿರುಗಿಸಿ: ಲಂಬವಾಗಿ ತೆಗೆದ ಚಿತ್ರವನ್ನು ಫೋನ್ ಅಡ್ಡಲಾಗಿಯೇ ಉಳಿಸಿ 'ತಿರುಗಿಸಿ ತೋರಿಸು' ಎಂಬ ಸೂಚನೆಯನ್ನು ಮಾಹಿತಿಯಲ್ಲಿ ಸೇರಿಸಿರುತ್ತದೆ. ಮೂರನೆಯದು, ಬಣ್ಣವನ್ನು ಜಾಲದ ಸಾಮಾನ್ಯ ಬಣ್ಣಮಾನವಾದ ಎಸ್‌ಆರ್‌ಜಿಬಿಗೆ ತನ್ನಿ. ಇವೆಲ್ಲ ಆದ ಮೇಲೆ ಕೊನೆಗೆ ಚಿತ್ರದೊಳಗೆ ಅಡಗಿರುವ ಈ ಎಕ್ಸಿಫ್ ಮಾಹಿತಿ ಅಳಿಸಿ, ಚಿತ್ರ ತೆಗೆದ ಜಾಗದ ಜಿಪಿಎಸ್ ಅಂಕಿ ಇರುವುದು ಅದರಲ್ಲೇ. ಎಕ್ಸಿಫ್ ಮೊದಲೇ ಅಳಿಸಿದರೆ ತಿರುಗಿಸುವ ಸೂಚನೆಯೂ ಹೋಗಿ ಎಲ್ಲರೂ ಮಲಗಿದಂತೆ ಕಾಣುತ್ತಾರೆ. ಬಣ್ಣದ ಪ್ರೊಫೈಲ್ ಮೊದಲೇ ಹೋದರೆ ಚಿತ್ರ ಮಂಕಾಗುತ್ತದೆ. ಇಮೇಜ್‌ಮ್ಯಾಜಿಕ್, ಬೇಕಿದ್ದರೆ ಜೊತೆಗೆ ಎಕ್ಸಿಫ್‌ಟೂಲ್, ಎಂಬ ತಂತ್ರಾಂಶ ಬಳಸಿ ಇಡೀ ಸರಣಿಯನ್ನು ಒಂದೇ ಸ್ಕ್ರಿಪ್ಟ್‌ನಲ್ಲಿ (ಆದೇಶಗಳ ಪಟ್ಟಿ) ಬರೆದಿಟ್ಟುಕೊಳ್ಳಿ. ಇಪ್ಪತ್ತು ನಿಮಿಷದ ಮಿತಿ ಉಳಿಯುವುದು ಇದರಿಂದಲೇ. ಸ್ಕ್ರಿಪ್ಟ್ ಓಡುವುದು ಗಿಟ್‌ಗೆ ಸೇರಿಸುವ ಮುಂಚೆ, ಆಮೇಲಲ್ಲ. ಕಾರಣ ಮೇಲೆ ಹೇಳಿದ ಇತಿಹಾಸ.

ಕಡತದ ಹೆಸರು, ಭಾಷೆ

ಕಡತಗಳ ಹೆಸರು ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟರಲ್ಲೇ ಇರಲಿ. ಮ್ಯಾಕ್, ವಿಂಡೋಸ್ ಎರಡೂ ದೊಡ್ಡಕ್ಷರ ಸಣ್ಣಕ್ಷರವನ್ನು ಸಾಮಾನ್ಯವಾಗಿ ಒಂದೇ ಎಂದು ನೋಡುತ್ತವೆ, ಲಿನಕ್ಸ್ ಸರ್ವರ್ ಹಾಗಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಕಂಡ ಚಿತ್ರ ಸೈಟಿನಲ್ಲಿ ಕಾಣದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಕಡತದ ಹೆಸರಿನ ಕೊನೆಯಲ್ಲಿರುವ ದೊಡ್ಡಕ್ಷರದ ಜೆಪಿಜಿ.

ಉಂಗುರ ಹೊತ್ತ ನಾರ್ವೇಜಿಯನ್ ಅಕ್ಷರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಸಾದಾ ಅಕ್ಷರ ಮತ್ತು ಉಂಗುರ ಎಂದು ಎರಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಸರ್ವರಿಗೆ ಬೇರೆ ಬೇರೆ, ಕೊಂಡಿ ಮುರಿಯುತ್ತದೆ. ಕನ್ನಡದ ಒತ್ವವೂ ಹೀಗೆಯೇ ಎತ್ವ ಮತ್ತು ಊತ್ವ ಸೇರಿಸಿದಂತೆ ಒಡೆಯಬಲ್ಲದು. ಜೊತೆಗೆ ಕನ್ನಡದ ಒಂದೊಂದು ಚಿಹ್ನೆಯೂ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಮೂರು ಬೈಟ್. ವಿಳಾಸದಲ್ಲಿ ಶೇಕಡಾ ಗುರುತುಗಳಾಗಿ ಬಿಚ್ಚಿಕೊಂಡಾಗ ಒಂದು ಚಿಹ್ನೆಗೆ ಒಂಬತ್ತು ಅಕ್ಷರ. 'ಬೆಂಗಳೂರು' ಎಂಬ ಒಂದೇ ಪದ 72 ಅಕ್ಷರಗಳ ಬಾಲವಾಗಿ ವಾಟ್ಸ್‌ಆ್ಯಪ್‌ನಲ್ಲಿ ಬೀಳುತ್ತದೆ. ಶೀರ್ಷಿಕೆ ನಿಮ್ಮ ಭಾಷೆಯಲ್ಲಿರಲಿ, ವಿಳಾಸ ಸರಳವಾಗಿರಲಿ.

ಮನೆಯವರಿಗೆ ನಾರ್ವೇಜಿಯನ್, ಓದುವ ಊರಿನ ಗೆಳೆಯರಿಗೆ ಇಂಗ್ಲಿಷ್ ಎಂದು ಎರಡು ಭಾಷೆ ಬೇಕೆನಿಸುವುದು ಸಹಜ. ಪ್ರತಿ ಬರಹವನ್ನೂ ಅನುವಾದಿಸಲು ಹೊರಟರೆ ಕೆಲಸ ಇಮ್ಮಡಿ. ತಿಂಗಳ ಸುದ್ದಿ ಒಂದು ಭಾಷೆಯಲ್ಲಿ, ಮಾಹಿತಿ ಪುಟ ಇನ್ನೊಂದರಲ್ಲಿ ಎಂದು ಹಂಚಿಬಿಡಿ. ಪುಟದ ಭಾಷಾ ಗುರುತು ಸರಿಯಾಗಿರಲಿ: ನಾರ್ವೇಜಿಯನ್‌ನ ಎರಡು ಬರಹರೂಪಗಳಲ್ಲಿ ಬೂಕ್‌ಮೋಲ್‌ಗೆ ಎನ್‌ಬಿ, ನೀನೊರ್ಸ್ಕ್‌ಗೆ ಎನ್‌ಎನ್, ಕನ್ನಡಕ್ಕೆ ಕೆಎನ್. ಅಂಧ ಓದುಗರ ಓದುಯಂತ್ರ ಯಾವ ಉಚ್ಚಾರ ಹಿಡಿಯಬೇಕೆಂದು ತಿಳಿಯುವುದು ಅದರಿಂದ.

ಸುದ್ದಿ ತಲುಪಿಸಲು, ಹೊಸ ಬರಹವನ್ನು ಓದುಗರ ಆ್ಯಪ್‌ಗೆ ಒಯ್ಯುವ ಆರ್‌ಎಸ್‌ಎಸ್ ಫೀಡ್ ಇರಲಿ, ಅದರಲ್ಲಿ ಪೂರ್ತಿ ಬರಹ ಇರಲಿ. ಅಜ್ಜ ಅಜ್ಜಿ ಫೀಡ್ ಓದುವುದಿಲ್ಲ. ಅವರಿಗೆ ಕೊಂಡಿ ಹಾಕಿದ ಒಂದು ಸಾದಾ ಇಮೇಲ್. ಹತ್ತು ಜನಕ್ಕೆ ನ್ಯೂಸ್‌ಲೆಟರ್ ಸೇವೆ ಕಟ್ಟುವುದು ದಂಡ.

ಕಾನೂನು ಮತ್ತು ಹಾಕಬಾರದ್ದು

ನಾರ್ವೆಯ ಕೃತಿಸ್ವಾಮ್ಯ ಕಾಯ್ದೆ 2018ರದು. ಅದರ 104ನೇ ಕಲಂ ಪ್ರಕಾರ ಒಬ್ಬರ ಭಾವಚಿತ್ರ ಪ್ರಕಟಿಸಲು ಅವರ ಒಪ್ಪಿಗೆ ಬೇಕು. ಜನರಿಗೆ ಆಸಕ್ತಿಯಿರುವ ಮೆರವಣಿಗೆ, ಸಭೆಗಳಿಗೆ ಮತ್ತು ವ್ಯಕ್ತಿ ಮುಖ್ಯವಲ್ಲದ ಚಿತ್ರಗಳಿಗೆ ವಿನಾಯಿತಿ ಇದೆ. ನಾರ್ವೆಯ ಸಂವಿಧಾನ ದಿನವಾದ ಮೇ 17ರ ಮೆರವಣಿಗೆಯನ್ನು ಪರದೇಶದಲ್ಲಿ ಆಚರಿಸಿದರೆ ಒಟ್ಟು ಗುಂಪಿನ ಚಿತ್ರ ಸರಿ. ಅದರಲ್ಲಿನ ಒಂದು ಮಗುವಿನ ಮುಖವನ್ನೇ ಹತ್ತಿರದಿಂದ ಹಾಕುವುದಾದರೆ ತಂದೆತಾಯಿಯನ್ನು ಕೇಳಿ. ಓದುತ್ತಿರುವ ದೇಶದ ನಿಯಮ ಇನ್ನೂ ಬಿಗಿಯಿರಬಹುದು, ಆದ್ದರಿಂದ ಕೇಳಿಯೇ ಹಾಕುವ ಅಭ್ಯಾಸ ಒಳ್ಳೆಯದು.

ಸಂದರ್ಶಕರನ್ನು ಎಣಿಸುವ ಉಪಕರಣ ಹಾಕಬೇಡಿ. 1 ಜನವರಿ 2025ರಿಂದ ನಾರ್ವೆಯಲ್ಲಿ ಜಾರಿಯಾದ ಹೊಸ ವಿದ್ಯುನ್ಮಾನ ಸಂವಹನ ಕಾಯ್ದೆ ಕುಕಿಗಳಿಗೆ (ಓದುಗರ ಬ್ರೌಸರಿನಲ್ಲಿ ಸೈಟ್ ಇಡುವ ಗುರುತುಗಳು) ಸ್ಪಷ್ಟ ಒಪ್ಪಿಗೆ ಕೇಳುತ್ತದೆ. ಎಣಿಸದಿದ್ದರೆ ಕೇಳುವ ಫಲಕವೇ ಬೇಡ. ಫಾಂಟುಗಳನ್ನೂ ನಿಮ್ಮ ಸೈಟಿನಲ್ಲೇ ಇಡಿ. ಗೂಗಲ್ ಸರ್ವರಿನಿಂದ ಫಾಂಟ್ ತರಿಸಿ ಓದುಗನ ಐಪಿ ವಿಳಾಸ ಅಲ್ಲಿಗೆ ಹೋಗುವಂತೆ ಮಾಡಿದ ಸೈಟಿಗೆ ಮ್ಯೂನಿಕ್ ನ್ಯಾಯಾಲಯ ಜನವರಿ 2022ರಲ್ಲಿ 100 ಯೂರೋ ಪರಿಹಾರ ಕೊಡಲು ಹೇಳಿತ್ತು.

ವಿದ್ಯಾರ್ಥಿ ಗುರುತಿನ ಚೀಟಿ, ಬೋರ್ಡಿಂಗ್ ಪಾಸ್, ವಾಸದ ಪರವಾನಗಿ ಇವುಗಳ ಚಿತ್ರ ಬೇಡ. ಬಾರ್‌ಕೋಡ್ ಮಸುಕು ಮಾಡಿದರೂ ಬೇಡ. ಜನ್ಮ ಸಂಖ್ಯೆಯ ಮೊದಲ ಆರು ಅಂಕಿ ಹುಟ್ಟಿದ ದಿನವೇ ಆದ್ದರಿಂದ, ಹುಟ್ಟುಹಬ್ಬದ ಬರಹ ಹಾಕಿದವರು ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಟ್ಟಂತೆ. ಪ್ರವಾಸದ ಸುದ್ದಿ ಮರಳಿದ ಮೇಲೆ ಹಾಕಿ, ಕೋಣೆ ಖಾಲಿ ಎಂದು ಸಾರಬೇಕಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ವಾರ್ಡಿನ ವಿಷಯ ಬರೆಯಲೇಬಾರದು. ಹೆಸರು ತೆಗೆದರೂ ಸಣ್ಣ ಊರಿನಲ್ಲಿ ರೋಗಿ ಯಾರೆಂದು ಗೊತ್ತಾಗುತ್ತದೆ.

ವರ್ಷಕ್ಕೊಮ್ಮೆ, ಮತ್ತು ಕೊನೆಗೆ

ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ: ಡೊಮೇನಿಗೆ ಜೋಡಿಸಿದ ಕಾರ್ಡಿನ ಅವಧಿ, ಸಂಪರ್ಕ ವಿಳಾಸ, ಮುರಿದ ಕೊಂಡಿಗಳು, ಮಾಹಿತಿ ಪುಟಗಳ ದಿನಾಂಕ. ಇಡೀ ರೆಪಾಸಿಟರಿಯ ಒಂದು ಪ್ರತಿ ಮನೆಯ ಡಿಸ್ಕಿನಲ್ಲಿ. ಹ್ಯೂಗೋವಿನ ಯಾವ ಆವೃತ್ತಿಯಿಂದ ಕಟ್ಟಿದ್ದೆಂದು ಬರೆದು ಅದನ್ನೇ ಬಿಲ್ಡ್ ಕಡತದಲ್ಲಿ ಗಟ್ಟಿ ಮಾಡಿ. 'ಇತ್ತೀಚಿನದು' ಎಂದು ಬಿಟ್ಟರೆ ಯಾವುದೋ ದಿನ ವಿನ್ಯಾಸ ಒಡೆದು ಬಿಲ್ಡ್ ನಿಲ್ಲುತ್ತದೆ, ಆ ದಿನ ನಿಮಗೆ ಪರೀಕ್ಷೆ ಇರುತ್ತದೆ.

ಓದು ಮುಗಿಸಿ ಮರಳಿದಾಗ ಮುಖಪುಟದಲ್ಲಿ 'ಈ ಸುದ್ದಿಗಳು ಇಷ್ಟರಿಂದ ಇಷ್ಟರವರೆಗೆ' ಎಂದು ವರ್ಷ ಹಾಕಿ, ಮಾಹಿತಿ ಪುಟಗಳ ಮೇಲೆ ಇನ್ನು ನವೀಕರಿಸುವುದಿಲ್ಲ ಎಂದು ಬರೆಯಿರಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಮುಖ್ಯ ಪುಟಗಳನ್ನು ಉಳಿಸಲು ಕೇಳಿಕೊಳ್ಳಬಹುದು. ಸೈಟನ್ನೇ ಮುಚ್ಚುವುದಾದರೆ ಕ್ರಮ ತಪ್ಪಬಾರದು: ಮೊದಲು ಗಿಟ್‌ಹಬ್ ಕಡೆ ತೋರಿಸುವ ಡಿಎನ್‌ಎಸ್ ದಾಖಲೆಗಳನ್ನು ತೆಗೆಯಿರಿ, ಆಮೇಲೆ ರೆಪಾಸಿಟರಿ ಅಳಿಸಿ. ತಿರುವುಮುರುವಾದರೆ ನಿಮ್ಮ ಹೆಸರು ಖಾಲಿ ಜಾಗದತ್ತ ತೋರಿಸುತ್ತಾ ನಿಲ್ಲುತ್ತದೆ, ಅಪರಿಚಿತರು ಅಲ್ಲಿ ತಮ್ಮ ಪುಟ ಕೂರಿಸಬಲ್ಲರು. ಗಿಟ್‌ಹಬ್‌ನಲ್ಲಿ ಡೊಮೇನ್ ನಿಮ್ಮದೆಂದು ಡಿಎನ್‌ಎಸ್‌ಗೆ ಸೇರಿಸುವ ಟಿಎಕ್ಸ್‌ಟಿ ದಾಖಲೆಯಿಂದ ಮೊದಲೇ ದೃಢಪಡಿಸಿಕೊಂಡಿದ್ದರೆ, ಆ ದಾಖಲೆ ಇರುವವರೆಗೆ ಈ ಅಪಾಯವಿಲ್ಲ.